ಭಾವನಿಗೆ ಆರಿಸಿಕೊಟ್ಟ ಮೂರು ಬ್ಯಾಟ್ರಿ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ವೈರು, ಸ್ವಿಚ್ಚು, ಬಲ್ಬು, ಮಿಕ್ಸಿ ಜಾರು ಎಲ್ಲ ಮಾರುತ್ತೇನೆ. ಆದರೆ ನನಗೆ ನಾಲ್ಕು ಜನರಲ್ಲಿ ಹೆಸರು ಬಂದದ್ದು ತಲೆಗೆ ಕಟ್ಟುವ ಎಲ್‌ಇಡಿ ಬ್ಯಾಟ್ರಿಯಿಂದ. ಟಾರ್ಚ್, ಹೆಡ್‌ಲ್ಯಾಂಪ್ ಎಂಬುದೆಲ್ಲ ಡಬ್ಬಿಯ ಮೇಲಿನ ಹೆಸರು. ನಮ್ಮ ಕಡೆ ಕೈಯಲ್ಲಿ ಹಿಡಿದರೂ ಅದು ಬ್ಯಾಟ್ರಿ, ಹಣೆಗೆ ಕಟ್ಟಿದರೂ ಬ್ಯಾಟ್ರಿ. ರಾಮಾಪುರದ ಕಡೆಯಿಂದ ಜೋಳದ ಹೊಲದಲ್ಲಿ ಹಂದಿ ಕಾಯುವವರು ಬರುತ್ತಾರೆ, ಒಡೆಯರಪಾಳ್ಯದ ಕ್ಯಾಂಪಿನಿಂದ ಟಿಬೆಟಿನವರು ಬರುತ್ತಾರೆ, ರಜೆ ಸಿಕ್ಕರೆ ಟೆಂಟು ಹಾಕಿ ಮಲಗುವ ಶೋಕಿಯವರು ಕಾರು ಅಡ್ಡ ನಿಲ್ಲಿಸಿ ಬರುತ್ತಾರೆ. ಶಿವರಾತ್ರಿ ಹತ್ತಿರ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಬರುತ್ತಾರೆ, ಆಗ ನನಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ.

ಬಂದವರಿಗೆ ನಾನು ತಕ್ಷಣ ಡಬ್ಬಿ ಬಿಚ್ಚಿ ತೋರಿಸುವವನಲ್ಲ. ಎಲ್ಲಿಗೆ, ಎಷ್ಟು ಹೊತ್ತು, ಜೊತೆಗೆ ಎಷ್ಟು ಜನ, ಕಾಲುದಾರಿಯೋ ಟಾರು ರಸ್ತೆಯೋ ಎಂದು ಕೇಳುತ್ತೇನೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಲೂಮೆನ್ ಎಂಬ ಬೆಳಕಿನ ಲೆಕ್ಕವನ್ನು ನಂಬಬೇಡಿ, ಅದು ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಆಸ್ತಿಯ ಲೆಕ್ಕ ಎನ್ನುತ್ತೇನೆ. ದೂರಕ್ಕೆ ಬೀಳುವ ಬೆಳಕು ಬೇರೆ, ಅಗಲಕ್ಕೆ ಹರಡುವ ಬೆಳಕು ಬೇರೆ. ನಡೆಯುವವನಿಗೆ ಹತ್ತು ಹೆಜ್ಜೆ ಮುಂದೆ ಅಗಲವಾಗಿ ಬಿದ್ದರೆ ಸಾಕು, ಹೊಲ ಕಾಯುವವನಿಗೆ ದೂರಕ್ಕೆ ಹೋಗಬೇಕು. ಹಣೆಯ ಮೇಲೆ ಭಾರವಿದ್ದರೆ ಒಂದು ಗಂಟೆಗೆ ಕತ್ತು ನೋಯುತ್ತದೆ. ಬ್ಯಾಟ್ರಿಯನ್ನು ಕೆಳಕ್ಕೆ ಬಗ್ಗಿಸಲು ಕೀಲು ಇರಬೇಕು, ಇಲ್ಲದಿದ್ದರೆ ಎದುರಿಗೆ ಬಂದವರೆಲ್ಲ ನಿಮ್ಮನ್ನು ಬೈದುಕೊಂಡೇ ಹೋಗುತ್ತಾರೆ. ಪೂರ್ತಿ ಬೆಳಕಿನಲ್ಲಿ ಉರಿಸಿದರೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎಂದು ನಾನೇ ಅಂಗಡಿಯಲ್ಲಿ ಹಚ್ಚಿಟ್ಟು ನೋಡಿರುತ್ತೇನೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ನನ್ನನ್ನು ಮೇಷ್ಟರ ಥರ ನೋಡುತ್ತಿರುತ್ತಾನೆ. ನನಗೆ ಅದು ಇಷ್ಟ. ಸುಳ್ಳೇಕೆ ಹೇಳಲಿ, ದುಡ್ಡಿಗಿಂತ ಅದೇ ಹೆಚ್ಚು ಇಷ್ಟ.

ಇಷ್ಟೆಲ್ಲ ತಿಳಿದವನು ನಾನು. ನನ್ನ ಸ್ವಂತ ಅಕ್ಕನ ಗಂಡನ ಕಣ್ಣು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೇ ಹಾಳಾಗುತ್ತಿದ್ದಾಗ ನಾನು ಒಂದಾದ ಮೇಲೊಂದು ಬ್ಯಾಟ್ರಿ ಆರಿಸಿಕೊಟ್ಟೆ.

ಭಾವ ಯಳಂದೂರಿನ ಪಕ್ಕದ ಹಳ್ಳಿಯವರು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು, ಅರವತ್ತಕ್ಕೆ ಹತ್ತಿರ. ಬೆಟ್ಟಕ್ಕೆ ನಡೆದು ಹೋಗುವ ಗುಂಪಿಗೆ ನಮ್ಮಲ್ಲಿ ಪರಸೆ ಎನ್ನುತ್ತಾರೆ. ಆ ಊರಿನ ಪರಸೆಯಲ್ಲಿ ಮುಂದೆ ನಡೆಯುವ ಹಕ್ಕು ಭಾವನ ಮನೆಯದು. ಅವರ ಅಪ್ಪ ತೀರಿಕೊಂಡ ಮೇಲೆ ಅದು ಇವರಿಗೆ ಬಂತು. ಅದು ಬರೀ ಮರ್ಯಾದೆಯ ಮಾತಲ್ಲ. ಬಿಸಿಲಿಗೆ ಟಾರು ಕಾದು ಬರಿಗಾಲು ಸುಡುತ್ತದೆಂದು ಪರಸೆ ಕೋಳಿ ಕೂಗುವ ಮುಂಚೆಯೇ ಹೊರಡುತ್ತದೆ. ಆಗ ಬೆಳಕು ಇರುವುದು ಇಬ್ಬರ ಹತ್ತಿರ ಮಾತ್ರ, ಎಲ್ಲರಿಗಿಂತ ಮುಂದಿನವನದು ಒಂದು, ಎಲ್ಲರಿಗಿಂತ ಹಿಂದಿನವನದು ಒಂದು. ನಡುವಿನವರು ಬ್ಯಾಟ್ರಿ ಹಚ್ಚುವ ಹಾಗಿಲ್ಲ. ಹಚ್ಚಿದರೆ ಮುಂದಿನವರ ನೆರಳು ಅವರ ಕಾಲಡಿಗೇ ಬಿದ್ದು ಹೆಜ್ಜೆ ತಪ್ಪುತ್ತದೆ. ಹಾಗಾಗಿ ನಲವತ್ತು ಜನ, ಅದರಲ್ಲಿ ಮುದುಕಿಯರು, ಕಂಕುಳಲ್ಲಿ ಕೂಸಿರುವವರು, ಮುಂದಿನವನು ಎಲ್ಲಿ ಕಾಲಿಟ್ಟನೋ ಅಲ್ಲೇ ಕಾಲಿಟ್ಟು ನಡೆಯುತ್ತಾರೆ. ಅವನ ಕಣ್ಣೇ ಎಲ್ಲರ ಕಣ್ಣು.

ಇನ್ನು ನನ್ನ ಮತ್ತು ಭಾವನ ಸಂಬಂಧ. ನಮ್ಮಲ್ಲಿ ಭಾವ-ಬಾಮೈದ ಎಂದರೆ ತಮಾಷೆಗೆ ಬಿಟ್ಟ ಸಂಬಂಧ. ಅವರ ಮದುವೆಯ ಮಾರನೆಯ ದಿನ ಅವರ ಕಾಫಿಗೆ ಉಪ್ಪು ಹಾಕಿದವನು ನಾನು. ಅದಕ್ಕೆ ಬಡ್ಡಿ ಸೇರಿಸಿ, ನನಗೆ ಹೆಣ್ಣು ಕೊಡಲು ಬಂದವರ ಮುಂದೆ 'ಹುಡ್ಗ ಒಳ್ಳೇವ್ನು, ಆಸ್ಗೆ ಒದ್ದೆ ಮಾಡ್ಕೊಳದು ಓದ್ವರ್ಸಕ್ಕೆ ನಿಂತದೆ' ಎಂದವರು ಅವರು. ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಬಿಟ್ಟವರಲ್ಲ. ಇದನ್ನು ನೋಡಿ ನಕ್ಕು ಸಂತೋಷಪಟ್ಟವರೇ ಎಲ್ಲ. ಆದರೆ ಮೂವತ್ತು ವರ್ಷ ಬರೀ ತಮಾಷೆ ಮಾಡಿಕೊಂಡು ಬಂದ ಇಬ್ಬರು ಗಂಡಸರು ಒಂದು ದಿನ ನಿಜವಾದ ಮಾತು ಆಡಬೇಕಾಗಿ ಬಂದರೆ ಯಾವ ಬಾಯಿಂದ ಆಡಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ.

ಮೊದಲ ಸಲ ಅವರು ಬಂದದ್ದು ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗ. ಹಳೆಯ ಕೈಬ್ಯಾಟ್ರಿಯನ್ನು ಟೇಬಲ್ಲಿನ ಮೇಲಿಟ್ಟು, "ಇದು ಸರಿ ಇಲ್ಲ ಕಣ್ಲಾ. ಒತ್ತಾರೆ ದಾರಿಯೇ ಕಾಣಕಿಲ್ಲ. ಮುಸ್ಸಂಜೆಲೂ ಅಂಗೇ, ಎಲ್ಲ ಮಸ್ಕು ಮಸ್ಕು" ಎಂದರು.

ನಾನು ಬ್ಯಾಟ್ರಿ ಹಚ್ಚಿ ನೋಡಿದೆ. ಚೆನ್ನಾಗಿಯೇ ಇತ್ತು.

"ಬ್ಯಾಟ್ರಿಗೇನೂ ಆಗಿಲ್ಲ ಭಾವ, ನಿಮ್ಗೇ ವಯಸ್ಸಾಗದೆ" ಎಂದೆ.

ಅವರು ನಕ್ಕರು. ನಕ್ಕು ಆ ಹಳೆಯ ಬ್ಯಾಟ್ರಿಯನ್ನು ಕೈಯಲ್ಲಿ ಹೊರಳಿಸುತ್ತಾ ನಿಂತಿದ್ದರು. ಇವರು ತಿರುಗೇಟಿಗೆ ಮಾತು ಹುಡುಕುತ್ತಿದ್ದಾರೆ ಎಂದುಕೊಂಡು ನಾನೂ ಕಾದೆ. ಕೊನೆಗೆ ಒಳಗಿನಿಂದ ತಲೆಗೆ ಕಟ್ಟುವ ಒಂದು ಒಳ್ಳೆಯ ಬ್ಯಾಟ್ರಿ ತಂದು, ಅವರ ಹಣೆಗೆ ನಾನೇ ಕಟ್ಟಿ, ಪಟ್ಟಿ ಸರಿಮಾಡಿ ಕಳಿಸಿದೆ. ಮುಸ್ಸಂಜೆಯಲ್ಲಿ ಬ್ಯಾಟ್ರಿಯೇ ಬೇಡ, ಮತ್ತೆ ಮಸುಕು ಯಾಕೆ ಎಂದು ಕೇಳಬಹುದಿತ್ತು. ಬೀದಿಯಲ್ಲಿ ಹೋಗುವ ಗುರುತಿಲ್ಲದವನಿಗೆ ಹತ್ತು ಪ್ರಶ್ನೆ ಹಾಕುವ ನಾನು ಭಾವನಿಗೆ ಒಂದೂ ಹಾಕಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ನಾನು.

ಎರಡನೆಯ ಸಲ ಅವರು ಬಂದದ್ದು ಮಾರನೆಯ ವರ್ಷದ ಶಿವರಾತ್ರಿಯ ಹೊತ್ತಿಗೆ. "ನಿನ್ ಬ್ಯಾಟ್ರಿ ನೆಟ್ಟುಗೆ ಬುಡ್ತದೆ, ಪಕ್ಕದ್ದು ಯಾನೂ ಕಾಣಕಿಲ್ಲ. ಓದ್ಸಲ ಒಂದ್ ಎಮ್ಮೆಗೆ ಡಿಕ್ಕಿ ಒಡ್ದಿದ್ದೀನಿ ಗೊತ್ತಾ?" ಎಂದರು. ನನಗೆ ನಗು ತಡೆಯಲಿಲ್ಲ. ಎಮ್ಮೆ ಏನಂತು ಎಂದೆ. ಅವರೂ ನಕ್ಕರು. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಟೀ ಬಂತು. ನಾನು ಅವರ ಲೋಟವನ್ನು ಟೇಬಲ್ಲಿನ ಎಡಗಡೆ ಇಟ್ಟೆ. ಮಾತಾಡುತ್ತಲೇ ಅವರು ಕೈ ಚಾಚಿದರು. ಕೈ ಲೋಟದ ಪಕ್ಕದಲ್ಲಿ ಗಾಳಿ ಹಿಡಿಯಿತು. ಇನ್ನೊಮ್ಮೆ ಚಾಚಿದರು, ಬೆರಳು ತಗುಲಿ ಟೀ ಎಲ್ಲ ಚೆಲ್ಲಿ ನನ್ನ ಬಿಲ್ ಪುಸ್ತಕ ನೆನೆಯಿತು. ಆಮೇಲೆ ಅವರು ತಲೆಯನ್ನು ಪೂರ್ತಿ ಆ ಕಡೆಗೆ ತಿರುಗಿಸಿ ಲೋಟವನ್ನು ನೋಡಿದರು, ನನ್ನನ್ನೂ ನೋಡಿದರು.

ನನಗೆ ಆಗ ಗೊತ್ತಾಯಿತು. ಇದನ್ನು ಎಲ್ಲಿಯೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಕಣ್ಣಿಗೆ ಏನೋ ಆಗಿದೆ ಎಂದು ಆ ಹೊತ್ತಿನಲ್ಲೇ ನನಗೆ ಗೊತ್ತಾಯಿತು. ಆದರೆ ಬಾಯಲ್ಲಿ ಬಂದದ್ದು, "ಬೆಳಬೆಳಗ್ಗೆನೇ ಯಾನ್ ಆಕಂಡ್ ಬಂದಿದ್ದೀರಿ ಭಾವ?" ಎಂಬ ಮಾತು. ಹೆಂಡ ಮುಟ್ಟದ ಮನುಷ್ಯನಿಗೆ.

ಕಣ್ಣು ತೋರಿಸಿ ಎಂದು ಯಾಕೆ ಹೇಳಲಿಲ್ಲ? ಹೇಳಿದ್ದರೆ ಪರಸೆಯ ಮುಂದೆ ನಡೆಯುವವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದನ್ನು ಎತ್ತಿದವನು ಹೆಂಡತಿಯ ತಮ್ಮ ಎಂದು ಊರೆಲ್ಲ ಹೇಳುತ್ತಿತ್ತು. ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದದ್ದು ಇದಕ್ಕಿಂತ ಕೀಳು. ಅವರು ಹೇಳಿದ ತೊಂದರೆಗೆ ನನ್ನ ಅಂಗಡಿಯಲ್ಲಿ ಉತ್ತರ ಇತ್ತು. ಪಕ್ಕಕ್ಕೆ ಕಾಣುವುದಿಲ್ಲವೇ, ಅಗಲಕ್ಕೆ ಹರಡುವ ಬ್ಯಾಟ್ರಿ ತಗೊಳ್ಳಿ. ಅಗಲಕ್ಕೆ ಹರಡುವ ಬೆಳಕಿನ ವಿಷಯ ಕೊಳ್ಳೇಗಾಲದಲ್ಲಿ ನನ್ನಷ್ಟು ತಿಳಿದವರು ಯಾರಿದ್ದಾರೆ? ಡಬ್ಬಿ ಬಿಚ್ಚಿ, ಅಂಗಡಿಯ ಬಾಗಿಲು ಮುಂದೆ ಮಾಡಿ, ಕತ್ತಲೆಯಲ್ಲಿ ಗೋಡೆಗೆ ಬೆಳಕು ಬಿಟ್ಟು, ಈ ಮೂಲೆಯಿಂದ ಆ ಮೂಲೆಯವರೆಗೆ ಹೇಗೆ ಬೀಳುತ್ತದೆ ಎಂದು ತೋರಿಸಿದೆ. ಭಾವ ಗೋಡೆಯನ್ನು ನೋಡುತ್ತಾ, "ಊಂ, ಬೀಳ್ತದೆ ಬೀಳ್ತದೆ" ಎಂದರು. ಅವರಿಗೆ ಆ ಗೋಡೆಯಲ್ಲಿ ಎಷ್ಟು ಕಂಡಿತೋ ದೇವರೇ ಬಲ್ಲ.

ಮೂರನೆಯ ಸಲ, ಇನ್ನೊಂದು ವರ್ಷ ಕಳೆದ ಮೇಲೆ, ಅವರು ಸೊರಗಿದ್ದರು. "ಉದ್ದಕ್ಕೂ ಕಾಣಕಿಲ್ಲ, ಅಗ್ಲಕ್ಕೂ ಕಾಣಕಿಲ್ಲ. ಕೊಳ್ವೆ ಒಳ್ಗಿಂದ ನೋಡ್ದಂಗಾಯ್ತದೆ ಕಣ್ಲಾ" ಎಂದರು. ಈ ಸಲ ನಗಲಿಲ್ಲ. ನಾನು ತಮಾಷೆ ಮಾಡಿದೆನೋ ಇಲ್ಲವೋ ನೆನಪಿಲ್ಲ, ಮಾಡಿರುತ್ತೇನೆ. ನನ್ನ ಅಂಗಡಿಯಲ್ಲಿ ಇದ್ದದ್ದರಲ್ಲಿ ದೊಡ್ಡದು, ಮೂರು ಎಲ್‌ಇಡಿಯದು, ಉದ್ದಕ್ಕೂ ಅಗಲಕ್ಕೂ ಒಟ್ಟಿಗೆ ಬೆಳಕು ಬಿಡುವಂಥದು, ಸೆಲ್ಲಿನ ಡಬ್ಬಿ ತಲೆಯ ಹಿಂದಕ್ಕೆ ಬಂದು ತೂಕ ಸರಿಹೋಗುವಂಥದು, ಅದನ್ನು ತೆಗೆದೆ. "ಇದ್ರಲ್ಲೂ ಕಾಣ್ನಿಲ್ಲ ಅಂದ್ರೆ ಅಂಗ್ಡೀನೇ ಮುಚ್ತೀನಿ" ಎಂದೆ. ಅಷ್ಟಕ್ಕೇ ಬಿಡದೆ, ಈ ವರ್ಷ ನಾನೂ ಪರಸೆಗೆ ಬರುತ್ತೇನೆ, ನಿಮ್ಮ ಹಿಂದೆಯೇ ನಡೆದು ಬ್ಯಾಟ್ರಿ ಹೇಗಿದೆ ನೋಡುತ್ತೇನೆ ಎಂದೆ. ನನ್ನ ಮಾಲಿನ ಪರೀಕ್ಷೆ ಮಾಡಲು ನಾನು ಮಾದಪ್ಪನ ದಾರಿ ಹಿಡಿದೆ.

ಅವರು ಊರಿನಿಂದ ಬಂದರು, ನಾನು ಕೊಳ್ಳೇಗಾಲದಲ್ಲಿ ಸೇರಿಕೊಂಡೆ. ಮೊದಲ ದಿನ ಮಧುವನಹಳ್ಳಿ ದಾಟಿ ನಡೆದು, ರಾತ್ರಿ ಹನೂರಿನಲ್ಲಿ ಒಂದು ಛತ್ರದ ಜಗಲಿಯಲ್ಲಿ ಮಲಗಿದೆವು. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಉಘೇ ಎಂದು ಕೂಗಿ ಹೊರಟೆವು. ಭಾವ ಮುಂದೆ, ಅವರ ಹಿಂದೆ ಅವರ ಚಿಕ್ಕಪ್ಪನ ಮಗ, ಅವರ ಹಿಂದೆ ನಾನು. ಭಾವನ ಹಣೆಯ ಮೇಲೆ ನನ್ನ ಬ್ಯಾಟ್ರಿ. ಹೆಮ್ಮೆಯಿಂದ ಹೇಳುತ್ತೇನೆ, ಏನು ಬೆಳಕು ಅದು! ರಸ್ತೆಯ ಈ ಅಂಚಿನ ಬೇಲಿಯಿಂದ ಆ ಅಂಚಿನ ಹುಣಸೆಮರದವರೆಗೆ ಎಲ್ಲ ಬೆಳ್ಳಗೆ ಕಾಣುತ್ತಿತ್ತು. ರಸ್ತೆಯ ಮೇಲಿನ ಒಂದೊಂದು ಜಲ್ಲಿಕಲ್ಲೂ ಕಾಣುತ್ತಿತ್ತು.

ಹನೂರು ದಾಟಿ ಸ್ವಲ್ಪ ದೂರ ಹೋದ ಮೇಲೆ, ರಸ್ತೆಯ ಎಡಗಡೆ ಜೋಳದ ಕಡ್ಡಿ ತುಂಬಿದ ಒಂದು ಟ್ರ್ಯಾಕ್ಟರ್ ಟ್ರೈಲರ್ ನಿಂತಿತ್ತು. ನಾನು ಅದನ್ನು ಐವತ್ತು ಹೆಜ್ಜೆಯ ಮುಂಚೆಯೇ ನೋಡಿದೆ. ನನ್ನ ಹಿಂದಿನವರೂ ನೋಡಿದ್ದರು. ಬಿಚ್ಚಿಟ್ಟ ಹಿಂಬಾಗಿಲಿನ ಕಬ್ಬಿಣ ತಲೆಯ ಎತ್ತರಕ್ಕೆ ರಸ್ತೆಯ ಕಡೆಗೆ ಚಾಚಿಕೊಂಡಿತ್ತು. ನಲವತ್ತು ಹೆಜ್ಜೆ, ಮೂವತ್ತು, ಇಪ್ಪತ್ತು. ಭಾವ ಪಕ್ಕಕ್ಕೆ ಸರಿಯುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು. ಮುಂದಿನವನಿಗೆ ಹಿಂದಿನವರು ದಾರಿ ಹೇಳುವ ಪದ್ಧತಿ ಇಲ್ಲ. ಬ್ಯಾಟ್ರಿಯ ಬೆಳಕೆಲ್ಲ ಆ ಕಬ್ಬಿಣದ ಮೇಲೆ ಬಿದ್ದು ಹೊಳೆಯುತ್ತಿತ್ತು. ಭಾವ ಅದೇ ಹೆಜ್ಜೆಯಲ್ಲಿ ನಡೆದು ಹೋಗಿ ಅದಕ್ಕೆ ತಲೆ ಹೊಡೆದುಕೊಂಡರು.

ಕೆಳಗೆ ಕೂತುಬಿಟ್ಟರು. ಕಿವಿಯ ಮೇಲಿನಿಂದ ರಕ್ತ ಸುರಿಯುತ್ತಿತ್ತು. ಚಿಕ್ಕಪ್ಪನ ಮಗ ಟವೆಲ್ ಒತ್ತಿ ಹಿಡಿದರು. ಭಾವ ಕೈ ಚಾಚಿ ಟ್ರೈಲರನ್ನು ಮುಟ್ಟಿ ಮುಟ್ಟಿ ನೋಡಿ, "ಇದೆಲ್ಲಿಂದ ಬಂತ್ಲಾ ಇಲ್ಲಿಗೆ?" ಎಂದು ಕೇಳಿದರು.

ಹಿಂದಿನಿಂದ ಒಬ್ಬ ಮುದುಕಿ ಬಂದು, "ಯಾಕಪ್ಪಾ, ಕಾಣ್ನಿಲ್ವಾ?" ಎಂದಳು.

"ಬ್ಯಾಟ್ರಿ ಆರೋಯ್ತು ಕಣವ್ವಾ" ಎಂದರು ಭಾವ.

ಬ್ಯಾಟ್ರಿ ಅವರ ಹಣೆಯ ಮೇಲೆ ಉರಿಯುತ್ತಲೇ ಇತ್ತು. ಆ ಬೆಳಕು ಸೀದಾ ಮುದುಕಿಯ ಮುಖಕ್ಕೆ ಬಿದ್ದು ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು. ನಲವತ್ತು ಜನರಲ್ಲಿ ಒಬ್ಬರೂ ಅದು ಸುಳ್ಳು ಎನ್ನಲಿಲ್ಲ. "ಊಂ ಕಣಪ್ಪ, ಆರೋಗಿತ್ತು" ಎಂದಳು ಮುದುಕಿ. ಆಮೇಲೆ ಭಾವ ತಾವೇ ಪಟ್ಟಿ ಬಿಚ್ಚಿ ಬ್ಯಾಟ್ರಿಯನ್ನು ಚಿಕ್ಕಪ್ಪನ ಮಗನ ಕೈಗೆ ಕೊಟ್ಟರು. ಅಪ್ಪನಿಂದ ಬಂದ ಹಕ್ಕು ಹನೂರಿನ ರಸ್ತೆಯಲ್ಲಿ, ಜೋಳದ ಕಡ್ಡಿಯ ಪಕ್ಕ ಕೈ ಬದಲಾಯಿತು. ಗಾಯಕ್ಕೆ ಬಟ್ಟೆ ಸುತ್ತಿಕೊಂಡು, ತಾಳಬೆಟ್ಟದ ಏರು ಹತ್ತಿ, ಬೆಟ್ಟ ಸೇರುವವರೆಗೂ ಅವರು ಹೆಂಗಸರ ನಡುವೆ ನಡೆದರು. ನನ್ನ ಕಡೆ ತಿರುಗಲಿಲ್ಲ. ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ. ಹರಕೆಯ ದಾರಿಯಲ್ಲಿ ಅಳುವವರು ಬೇಕಾದಷ್ಟು ಜನ, ಯಾರೂ ಯಾಕೆ ಎಂದು ಕೇಳಲಿಲ್ಲ.

ಬೆಟ್ಟದಿಂದ ಇಳಿದ ವಾರದಲ್ಲಿ ಭಾವನನ್ನು ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಮೆಷಿನ್ ಮುಂದೆ ಕೂರಿಸಿ, ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಿ ಎಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಟನ್ನಿನ ಸದ್ದಿಗೆ ಕಾದು ಕಾದು ಸಾಕಾಯಿತು. ಅಪರೂಪಕ್ಕೊಮ್ಮೆ ಟಕ್ ಎನ್ನುತ್ತಿತ್ತು, ಮತ್ತೆ ಮೌನ. ಕೊನೆಗೆ ಮೆಷಿನ್ನಿನಿಂದ ಒಂದು ಹಾಳೆ ಬಂತು. ಸುತ್ತ ಕಪ್ಪು, ನಡುವೆ ಮಾತ್ರ ಚೂರು ಬಿಳಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನವಾಗಿ ಹೇಳಿದರು: ಇದು ಗ್ಲಾಕೋಮಾ, ಕಣ್ಣಿನ ಒತ್ತಡ ಏರಿ ನರ ಸಾಯುತ್ತದೆ, ನೋವೇ ಇರುವುದಿಲ್ಲ, ಪಕ್ಕದ ನೋಟ ಮೊದಲು ಹೋಗುತ್ತದೆ. ಹೋದದ್ದು ಬರುವುದಿಲ್ಲ. ಉಳಿದಿರುವುದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು.

"ಯಾವಾಗಿನಿಂದ ಹೀಗೆ?" ಎಂದು ಕೇಳಿದರು.

"ಈಚೆಗೆ ಕಣ್ರವ್ವ" ಎಂದರು ಭಾವ.

ಯಾವಾಗಿನಿಂದ ಎಂದು ನನಗೆ ಗೊತ್ತಿತ್ತು. ಮೊದಲು ಮಸುಕು, ಆಮೇಲೆ ಪಕ್ಕಕ್ಕೆ ಕಾಣದ್ದು, ಆಮೇಲೆ ಕೊಳವೆ. ಡಾಕ್ಟರಮ್ಮ ಈಗ ಹೇಳಿದ ರೋಗವನ್ನು ಭಾವ ಮೂರು ಕಂತಿನಲ್ಲಿ, ಅದೇ ಕ್ರಮದಲ್ಲಿ, ನನ್ನ ಟೇಬಲ್ಲಿನ ಮುಂದೆ ನಿಂತು ಹೇಳಿದ್ದರು. ಭಾವನನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋಗಿ, ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಮುಖ ನೋಡಿ, "ಈಗ ಅದನ್ನ ಯೋಚನೆ ಮಾಡಬೇಡಿ" ಎಂದರು. ಹೇಳಿ ಎಂದು ಹಟ ಹಿಡಿದೆ. "ತುಂಬಾ ಉಳೀತಿತ್ತು" ಎಂದರು.

ಅಕ್ಕನಿಗೆ ನಾನು ಹೇಳಿದ್ದು ಬೇರೆ. ಅವಳು ಸಿಕ್ಕಾಗಲೆಲ್ಲ ಕೇಳಿದ್ದನ್ನೇ ಕೇಳುತ್ತಿದ್ದಳು. "ಒಂದೇ ಮನೇಲಿದ್ದೂ ನಂಗೆ ಗೊತ್ತಾಗ್ನಿಲ್ವಲ್ಲಾ, ನಾನೆಂತಾ ಎಂಡ್ತಿ?" ಎಂದು ಎದೆ ಹಿಡಿದುಕೊಳ್ಳುತ್ತಿದ್ದಳು. "ಯಾರ್ಗೂ ಗೊತ್ತಾಗ್ನಿಲ್ಲ ಕಣಕ್ಕಾ, ಆ ಕಾಯ್ಲೆನೇ ಅಂತಾದ್ದು. ನಿಂದೇನೂ ತಪ್ಪಿಲ್ಲ" ಎಂದು ಸಮಾಧಾನ ಮಾಡುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು, ನೀನಾದರೂ ಮೈಸೂರಿಗೆ ಕರೆದುಕೊಂಡು ಹೋದೆಯಲ್ಲ ಎನ್ನುತ್ತಿದ್ದಳು. ಆ ಮಾತು ಕೇಳಿಸಿಕೊಂಡು ಅವಳ ಮನೆಯಲ್ಲಿ ಉಂಡು ಬರುತ್ತಿದ್ದೆ. ಮಾನ ಇದ್ದವನು ಮಾಡುವ ಕೆಲಸವಲ್ಲ ಅದು.

ಹೋದ ತಿಂಗಳು ಒಂದು ಸಂಜೆ ಯಳಂದೂರಿನ ಕಡೆ ಹೋಗಿದ್ದೆ. ಭಾವ ಜಗಲಿಯ ಮೇಲೆ ಕೂತಿದ್ದರು. ಹುಳು ಸಾಕುವುದನ್ನು ಬಿಟ್ಟಿದ್ದಾರೆ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಕಣ್ಣು ಬೇಕು. ಒಳಗೆ ಅಕ್ಕ ಮೊರದಲ್ಲಿ ರಾಗಿ ಕೇರುತ್ತಿದ್ದಳು, ಅವಳು ಹೊರಗೆ ಬಂದಿರಲಿಲ್ಲ. ನಾನು ಡ್ರಾಪ್ಸ್ ಮುಗಿದಿದೆಯೇ, ಹೊಸದು ತರಲೇ ಎಂದು ಅದೂ ಇದೂ ಮಾತಾಡಿದೆ. ಭಾವ ಹೂಂ, ಊಹೂಂ ಅಷ್ಟೇ ಎನ್ನುತ್ತಿದ್ದರು. ಆ ಹೂಂ ಊಹೂಂ ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆದರೆ ನನ್ನ ಬುದ್ಧಿ ನೋಡಿ, ಬಾಯಿಂದ ಬಂದದ್ದು ಬೇರೆಯೇ.

"ಬಾಯ್ ಬುಟ್ಟು ಒಂದ್ ಮಾತ್ ಏಳ್ಬಾರ್ದಾಗಿತ್ತಾ ಭಾವ?" ಎಂದೆ.

ಅವರು ತಲೆ ತಿರುಗಿಸಿ, ಉಳಿದಿದ್ದ ಅಷ್ಟು ಕಣ್ಣಿನಲ್ಲಿ ನನ್ನ ಮುಖವನ್ನು ಹುಡುಕಿ ಹಿಡಿದರು.

"ಯಳಂದೂರಲ್ಲಿ ಬ್ಯಾಟ್ರಿ ಸಿಕ್ಕಕಿಲ್ವಾ?" ಎಂದರು. "ಬಸ್ಸತ್ತಿ ನಿನ್ ತಾವ್ಕೆ ಯಾಕ್ ಬತ್ತಿದ್ದೆ ಅನ್ಕಂಡಿದ್ದೀಯೆ? ನಿಮ್ಮಕ್ಕಂಗೆ ಏಳಕೆ ಎದ್ರಿಕೆ ಆಯ್ತಿತ್ತು. ಊರೋರ್ಗೆ ಏಳಕೆ ನಾಚ್ಕೆ. ನೀನೊಬ್ಬ ಕೇಳ್ತೀಯೆ ಅಂತ ಬಂದೆ. ಟೀ ಚೆಲ್ದಾಗ ನಿಂಗೆ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು. ಈಗ ಕೇಳ್ತಾನೆ, ಈಗ ಕೇಳ್ತಾನೆ ಅಂತ ಕೂತಿದ್ದೆ. ಮೂರ್ ಸಲ ಬಂದೆ ಕಣ್ಲಾ. ಮೂರ್ ಸಲಾನೂ ಬ್ಯಾಟ್ರಿ ಕಟ್ಟಿ ಕಳಿಸ್ದೆ."

ಒಳಗೆ ಮೊರದ ಸದ್ದು ನಿಂತಿತು.